ಎಂಬತ್ತಮೂರರ ಯುದ್ಧ

ಸಾವಿರದ ಒಂಬೈನೂರ ಎಂಬತ್ತಮೂರನೆಯ ಇಸವಿಯಲ್ಲಿ ನಮ್ಮ ದೇಶಕ್ಕೆ ಒಂದು ದೊಡ್ಡ ಯುದ್ಧ ಬರುವುದಿತ್ತು. ಬರಲಿಲ್ಲ ಎನ್ನುವುದು ಬೇರೆ ಮಾತು. ಬರುತ್ತದೆಂದು ಎರಡು ವರ್ಷ ಮೊದಲೇ ಗೊತ್ತಿದ್ದ ಮನುಷ್ಯ ಮಾತ್ರ ಇಡೀ ಹಿಂದುಸ್ತಾನದಲ್ಲಿ ಒಬ್ಬನೇ. ಅವನು ಇಳಕಲ್ಲಿನ ನೇಕಾರ ಅಮಾತೆಪ್ಪ.

ಅವನನ್ನು ಹುಚ್ಚನೆಂದು ತಿಳಿಯಬೇಡಿ, ನಾನು ಕೇಳುವವನಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಅವನ ಸೀರೆಯಲ್ಲಿ ತಪ್ಪಿದ ಎಳೆಯನ್ನು ತೋರಿಸುವ ಗಂಡಸು ಆ ಓಣಿಯಲ್ಲಿ ಹುಟ್ಟಿರಲಿಲ್ಲ. ಗೇಣಗಲ ಸೀರೆ ತೋರಿಸಿದರೆ ಸಾಕು, ಉಳಿದ ಒಂಬತ್ತು ವಾರಿ ಹೇಗಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಅದೇನು ಪವಾಡವಲ್ಲ ಬಿಡಿ. ಸೀರೆಯಲ್ಲಿ ಒಮ್ಮೆ ಬಂದ ಪಟ್ಟೆ ಮತ್ತೆ ಬರಲೇಬೇಕು. ಎಷ್ಟು ಎಳೆ ಬಿಟ್ಟು ಬಂದಿತು ಎಂಬುದು ತಿಳಿದರೆ ಮುಂದಿನದು ಎಲ್ಲಿ ಬರುತ್ತದೆ ಎನ್ನುವುದೂ ತಿಳಿಯುತ್ತದೆ. ನೇಕಾರರ ಮನೆಯ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಅಮಾತೆಪ್ಪನ ತೊಂದರೆ ಏನೆಂದರೆ, ಅವನು ಲೋಕವನ್ನೂ ಹಾಗೆಯೇ ನೋಡುತ್ತಿದ್ದ.

ಲೋಕದ ಗೊಡವೆ ಅವನಿಗೆ ಅಂಟಿದ್ದು ಎಪ್ಪತ್ತೊಂದರಲ್ಲಿ. ಆ ಡಿಸೆಂಬರಿನ ಯುದ್ಧದಲ್ಲಿ, ಸೈನ್ಯದಲ್ಲಿದ್ದ ತಂಗಿ ಇಂದ್ರಾಬಾಯಿಯ ಗಂಡ ತೀರಿಕೊಂಡ. ಮದುವೆಯ ಹಸಿರು ಬಳೆ ಇನ್ನೂ ಹಳತಾಗಿರಲಿಲ್ಲ, ಹುಡುಗಿ ಅಣ್ಣನ ಮನೆಗೆ ತಿರುಗಿ ಬಂದಳು. ಮರುವರ್ಷ ಅಮಾತೆಪ್ಪನ ಹೆಂಡತಿಯೂ ಜ್ವರದಲ್ಲಿ ಹೋದ ಮೇಲೆ ಅವನ ಒಬ್ಬಳೇ ಮಗಳು ನೀಲಾಳನ್ನು ಇಂದ್ರಾಬಾಯಿಯೇ ಸಾಕಿದಳು. ಅಮಾತೆಪ್ಪನಿಗೆ ದುಃಖಕ್ಕಿಂತ ಹೆಚ್ಚಾಗಿ ಒಂದು ಪ್ರಶ್ನೆ ಕಾಡತೊಡಗಿತು. ಯುದ್ಧ ಅದೇ ವರ್ಷ ಯಾಕೆ ಬಂತು? ಹಿಂದಿನ ವರ್ಷ ಬರಬಾರದಿತ್ತೆ, ತಂಗಿಯನ್ನು ಬೇರೆ ಕಡೆ ಕೊಡುತ್ತಿದ್ದೆ! ಸಾಲೆಯ ಮಾಸ್ತರರನ್ನು ಕೇಳಿದ, ಮಠದ ಸ್ವಾಮಿಗಳನ್ನು ಕೇಳಿದ, ಮತ ಕೇಳಲು ಬಂದ ಪುಢಾರಿಯನ್ನೂ ಬಿಡಲಿಲ್ಲ. ಒಬ್ಬರು ರಾಜಕೀಯ ಎಂದರು, ಒಬ್ಬರು ಕರ್ಮ ಎಂದರು, ಪುಢಾರಿ ಚಹಾ ಕುಡಿದು ಎದ್ದು ಹೋದ.

ಆಮೇಲೆ ಅವನು ಯಾರನ್ನೂ ಕೇಳದೆ ತಾನೇ ಹುಡುಕತೊಡಗಿದ. ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಗೆ ಹುಬ್ಬಳ್ಳಿಯಿಂದ ಪೇಪರು ಬಂದ ಕೂಡಲೇ ಮೊದಲು ಇವನ ಕೈಗೆ. ಇರಾಣ, ಇರಾಕ, ಲೆಬನಾನ, ಪಂಜಾಬ, ಯಾವುದನ್ನೂ ಬಿಟ್ಟವನಲ್ಲ. ಹುನಗುಂದದ ಸಂತೆಯ ದಾರಿ ಗೊತ್ತಿದ್ದಷ್ಟೇ ಚೆನ್ನಾಗಿ ಬೈರೂತಿನ ಓಣಿಗಳ ಹೆಸರು ಗೊತ್ತಾಗಿ ಹೋದವು.

ಎಂಬತ್ತೊಂದರ ಒಂದು ಮುಂಜಾನೆ, ಸೀರೆಯ ಅಂಚಿಗೆ ಅಜ್ಜನ ಕಾಲದ ಒಂದು ದಡಿ ನೇಯುತ್ತಿದ್ದಾಗ, ಅವನ ಕೈಯ ಲಾಳಿ ಹಾಗೇ ನಿಂತಿತು. ಆ ದಡಿಯಲ್ಲಿ ಮೂರು ಎಳೆಯ ಪಟ್ಟೆ, ಆಮೇಲೆ ಆರು, ಆಮೇಲೆ ಹನ್ನೆರಡು. ಚೀನಾದ ಯುದ್ಧ ಅರವತ್ತೆರಡು. ಪಾಕಿಸ್ತಾನದ್ದು ಅರವತ್ತೈದು. ನಡುವೆ ಮೂರು. ಮುಂದಿನದು ಎಪ್ಪತ್ತೊಂದು. ನಡುವೆ ಆರು. ಇನ್ನು ಹನ್ನೆರಡು ಕೂಡಿಸಿದರೆ?

ಅಮಾತೆಪ್ಪ ಕುಣಿಯಿಂದ ಎದ್ದವನೇ ಚಪ್ಪಲಿ ಇಲ್ಲದೆ ಚಹಾದಂಗಡಿಗೆ ಓಡಿದ.

"ಎಂಬತ್ತಮೂರು! ಎಂಬತ್ತಮೂರಕ್ಕ ಐತ್ರೆಪಾ ಯುದ್ಧ!"

ಮಂದಿ ಮೊದಲು ನಕ್ಕರು. ಅವನು ಮೇಜಿನ ಮೇಲೆ ಚೆಲ್ಲಿದ ಚಹಾದಲ್ಲಿ ಬೆರಳದ್ದಿ ಲೆಕ್ಕ ಬಿಡಿಸಿ ತೋರಿಸಿದ ಮೇಲೆ ನಗು ಸ್ವಲ್ಪ ತಗ್ಗಿತು. ಮೂರು, ಆರು, ಹನ್ನೆರಡು. ಯಾರು ಕೂಡಿಸಿದರೂ ಅಷ್ಟೇ ಬರುತ್ತದಲ್ಲ! ಎದುರಿನ ಕಿರಾಣಿ ಅಂಗಡಿಯವನು ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದ ಹಾಗೆ ನಾಲ್ಕು ಡಬ್ಬಿ ಚಿಮಣಿ ಎಣ್ಣೆ ತಂದು ಒಳಗೆ ಇಟ್ಟುಕೊಂಡ. ಊರಲ್ಲಿ ಅಮಾತೆಪ್ಪನ ಹೆಸರು 'ಯುದ್ಧದ ಅಮಾತೆಪ್ಪ' ಎಂದಾಯಿತು. ನಿಜ ಹೇಳಬೇಕೆಂದರೆ, ಅವನಿಗೆ ಅದು ಹಿಡಿಸಿತ್ತು.

ಇಷ್ಟಾಗಿ ಒಂದು ತಿಂಗಳೂ ಆಗಿರಲಿಲ್ಲ, ಗುಡೂರಿನಿಂದ ಗುರುಸಿದ್ದವ್ವ ಎಂಬಾಕೆ ನೀಲಾಳನ್ನು ಕೇಳಿಕೊಂಡು ಬಂದಳು. ದೂರದ ಸಂಬಂಧ, ಒಳ್ಳೆಯ ಮನೆತನ. ಮಗ ಹೊಳಬಸಪ್ಪ ಬಾದಾಮಿಯಲ್ಲಿ ಯಾರದೋ ಮದುವೆಯಲ್ಲಿ ನೀಲಾಳನ್ನು ನೋಡಿದ್ದ. ನೀಲಾಳೂ ಅವನನ್ನು ನೋಡಿದ್ದಳು. ನೋಡಿದ್ದಳು ಎನ್ನುವುದು ಅವಳು ಗುರುಸಿದ್ದವ್ವನಿಗೆ ಮಾಡಿದ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದ್ದರಿಂದಲೇ ಗೊತ್ತಾಯಿತು. ಎಲ್ಲ ಸರಿ. ಆದರೆ ಹುಡುಗ ಸೈನ್ಯದಲ್ಲಿದ್ದ.

"ಹುಡುಗನ ಬಗ್ಗೆ ಎರಡನೇ ಮಾತಿಲ್ಲರಿ ಅಕ್ಕಾರ," ಎಂದ ಅಮಾತೆಪ್ಪ. "ಆದ್ರ ಎಂಬತ್ತಮೂರಕ್ಕ ಯುದ್ಧ ಐತಿ. ಅದೊಂದು ಮುಗೀಲಿ. ಎಂಬತ್ನಾಲ್ಕರಾಗ ಅಕ್ಕಿಕಾಳು ಹಾಕೂನು."

"ಯಾರು ಹೇಳ್ಯಾರ್ರಿ ಯುದ್ಧ ಐತಂತ?"

"ಯಾರೂ ಹೇಳಿಲ್ಲ. ನಾನ ಕಂಡ ಹಿಡದೇನಿ."

ಗುರುಸಿದ್ದವ್ವ ಸೆರಗು ಸರಿ ಮಾಡಿಕೊಂಡು ಅವನನ್ನೇ ನೋಡಿದಳು. "ಹುಚ್ಚು ಬಿಡೂತನಕ ಮದವಿ ಆಗಂಗಿಲ್ಲ, ಮದವಿ ಆಗೂತನಕ ಹುಚ್ಚು ಬಿಡಂಗಿಲ್ಲ ಅಂತಾರ. ನಮ್ಮ ಹುಡುಗಗ ಹುಚ್ಚಿಲ್ಲ, ನಿಮ್ಮ ಹುಡುಗಿಗೂ ಇಲ್ಲ. ಹುಚ್ಚು ಬೀಗರಿಗೇ ಇದ್ರ ಏನ ಮಾಡೋದ್ರಿ ಅಣ್ಣಾರ?"

ಆಕೆ ಹೋದ ಮೇಲೆ ಇಂದ್ರಾಬಾಯಿ ಬಾಯಿ ಬಿಟ್ಟಳು. "ಅಣ್ಣಾ, ನನ್ನ ನೋಡಿ ಹೆದರಾಕತ್ತಿ ನೀ. ನನ್ನ ಕೇಳಿ ಹೆದರಬೇಕಿತ್ತು."

"ಕೇಳಿದ್ರ ಏನಂತಿದ್ದಿ?"

"ಕೊಡು ಅಂತಿದ್ದೆ."

ಅಮಾತೆಪ್ಪ ತಲೆ ತಗ್ಗಿಸಿದ, ಮನಸ್ಸು ಬದಲಿಸಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನೀಲಾ ಅಳಲಿಲ್ಲ, ಊಟ ಬಿಡಲಿಲ್ಲ. ಮರುದಿನ ರೊಟ್ಟಿ ಬಡಿಯುತ್ತ ಇಷ್ಟೇ ಅಂದಳು: "ಯಪ್ಪಾ, ಎಂಬತ್ತಮೂರು ಮುಗಿಯೂತನಕ ಕಾಯ್ತೇನಿ. ಅದರ ಮ್ಯಾಲೆ ಒಂದು ದಿನಾನೂ ಬ್ಯಾಡ. ಆದ್ರ ಜಾಫರ ಕಾಕಾನ್ನ ಒಮ್ಮೆ ಕೇಳಿ ಬಾ. ನಿನ್ನ ಲೆಕ್ಕ ಖರೆ ಅಂತ ಅವ ಅಂದ್ರ ನಾ ಮತ್ತ ಮಾತಾಡಂಗಿಲ್ಲ."

ಜಾಫರಸಾಬ ಅಮಾತೆಪ್ಪನ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ಓಣಿಯ ನೇಕಾರರ ಮಕ್ಕಳು. ಏಳನೆಯ ಇಯತ್ತೆಯ ನಂತರ ಇವನು ಮಗ್ಗಕ್ಕೆ ಇಳಿದ, ಅವನು ಓದಿ ಓದಿ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಕಾಲೇಜಿನ ಹುಡುಗರಿಗೆ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. ಬರುವ ರವಿವಾರ ಅಮಾತೆಪ್ಪ ಮೊದಲ ಬಸ್ಸಿಗೇ ಹೊರಟ. ಸೋಲುವ ಅಂಜಿಕೆಯಿಂದಲ್ಲ, ಗೆದ್ದು ಬರುವ ಉತ್ಸಾಹದಿಂದ.

ಜಾಫರಸಾಬ ಪೂರ್ತಿ ಕೇಳಿದ. ನಗಲಿಲ್ಲ. ಒಳಗೆ ಹೋಗಿ ಹೆಂಡತಿ ಸುಗರಾಳ ಹತ್ತಿರ ಮಕ್ಕಳ ಆಟದ ನಾಲ್ಕು ಕವಡಿ ಇಸಿದುಕೊಂಡು ಬಂದು ಅಮಾತೆಪ್ಪನ ಕೈಗೆ ಹಾಕಿದ.

"ಒಗಿ. ಒಂದೊಂದು ಸಲ ಒಗದದ್ದು ಒಂದೊಂದು ವರ್ಷ. ನಾಲ್ಕೂ ಅಂಗಾತ ಬಿದ್ರ ಆ ವರ್ಷ ಯುದ್ಧ. ಗೋಡಿಗೆ ಗೆರಿ ಎಳೀತೇನಿ ನಾ."

ಅಮಾತೆಪ್ಪ ಒಗೆದ. ಒಗೆಯುತ್ತಲೇ ಇದ್ದ. ಸುಗರಾ ಚಹಾ ತಂದಿಟ್ಟಳು, ಆರಿತು, ಮತ್ತೆ ಬಿಸಿ ಮಾಡಿ ತಂದಳು. ಯುದ್ಧ ಕೆಲವು ಸಲ ಬೆನ್ನು ಬೆನ್ನಿಗೆ ಬಂತು, ಕೆಲವು ಸಲ ಬಹಳ ಹೊತ್ತು ಬರಲೇ ಇಲ್ಲ. ಒಮ್ಮೆ ಅಂತರ ನಾಲ್ಕಾಯಿತು, ಮುಂದಿನದು ಎಂಟಾಯಿತು. ಅಮಾತೆಪ್ಪ ತೊಡೆ ತಟ್ಟಿದ.

"ನೋಡು! ಇನ್ನ ಹದಿನಾರಕ್ಕ ಬೀಳತೈತಿ."

ಐದನೆಯ ಎಸೆತಕ್ಕೇ ನಾಲ್ಕೂ ಅಂಗಾತ ಬಿದ್ದವು.

"ನಿನ್ನ ಕವಡಿ ಸರಿ ಇಲ್ಲ," ಎಂದ ಅಮಾತೆಪ್ಪ.

"ಕವಡಿ ಸರಿ ಅದಾವು. ಅವಕ್ಕ ನೆನಪಿಲ್ಲ ಅಷ್ಟ. ಹಿಂದ ಯಾವಾಗ ಬಿದ್ದಿದ್ವಿ ಅಂತ ಕವಡಿಗೆ ಏನ ಗೊತ್ತು ಲೇ? ನೂರಾರು ವರ್ಷದ ಯುದ್ಧ ಕೂಡಿಸಿ ಎಣಿಸಿದವರು ಅದಾರ. ಯಾವ ವರ್ಷ ಶುರು ಆದ್ವು ಅಂತ ನೋಡಿದ್ರ ಹೆಚ್ಚು ಕಡಿಮಿ ಹಿಂಗ ಕಾಣಸ್ತಾವು, ಗೋಡಿ ಮ್ಯಾಲಿನ ಗೆರಿ ಹಂಗ. ನೂರು ವರ್ಷದಾಗ ಎಷ್ಟಾಗಬಹುದು ಅಂತ ಅಂದಾಜು ಹೇಳಬಹುದು. ಯಾವ ವರ್ಷ ಅಂತ ಹೇಳಾಕ ಬರಂಗಿಲ್ಲ."

"ಮತ್ತ ನಂದು ಮೂರಕ್ಕ ಮೂರೂ ಕೂಡಿತಲ್ಲ?"

"ಮೂರ ಯಾಕ ತಗೊಂಡಿ? ನಲವತ್ತೇಳರಾಗ ಕಾಶ್ಮೀರದಾಗ ಆಗಲಿಲ್ಲೇನು? ನಲವತ್ತೆಂಟರಾಗ ನಿಜಾಮನ ಗಡಿ ದಾಟಿ ಮಂದಿ ಗಂಟು ಮೂಟಿ ಹೊತಗೊಂಡು ನಮ್ಮ ಓಣಿಗೆ ಓಡಿ ಬಂದ್ರು. ನಿಮ್ಮವ್ವ ರೊಟ್ಟಿ ಬಡದ್ಳು, ನಮ್ಮವ್ವ ಸಾರು ಕಾಸಿದ್ಳು. ಗೋವಾದ್ದು ಅರವತ್ತೊಂದರಾಗ. ಅವೆಲ್ಲಾ ಎಲ್ಲಿ ಹೋದ್ವು?"

ಅಮಾತೆಪ್ಪ ತಲೆ ಕೆರೆದುಕೊಂಡ. "ಅವು ಕೂಡಂಗಿಲ್ಲ."

"ಕೂಡಲಾರದ ಎಳಿ ಎಲ್ಲಾ ಕಡದು ಒಗದಿ. ಉಳದದ್ದರಾಗ ಪಟ್ಟಿ ಕಾಣತು. ಕಾಣದ ಏನ ಮಾಡತೈತಿ!"

ಇಷ್ಟಕ್ಕೇ ಬಿಟ್ಟಿದ್ದರೆ ಅಮಾತೆಪ್ಪ ಜಗಳಾಡಿ ಎದ್ದು ಬರುತ್ತಿದ್ದ. ಆದರೆ ಜಾಫರಸಾಬ ಇನ್ನೊಂದು ಮಾತು ಹೇಳಿದ, ಅದು ಅವನ ತಲೆಗೆ ಹುಳ ಬಿಟ್ಟಿತು. "ಇಳಕಲ್ಲಾಗ ಭಾಳ ಎತ್ತರದಾಂವ ಅಂದ್ರ ಎಷ್ಟಿರತಾನ? ನಿನಗಿಂತ ಗೇಣು ಹೆಚ್ಚು. ನಿನ್ನ ಎರಡು ಪಟ್ಟು ಎತ್ತರದಾಂವ ಎಲ್ಲಿಯೂ ಸಿಗಂಗಿಲ್ಲ. ಯುದ್ಧ, ಗಲಾಟಿ, ಬಾಂಬು ಹಂಗಲ್ಲ. ಸತ್ತವರ ಲೆಕ್ಕ ನೋಡಿದ್ರ ಭಾಳಷ್ಟು ಇರುವಿಯಷ್ಟು ಇರತಾವು, ಕೆಲವು ಕುರಿಯಷ್ಟು, ಎಲ್ಲೋ ಒಂದು ಬಾದಾಮಿ ಗುಡ್ಡದಷ್ಟು. ಸರಾಸರಿ ಅನ್ನೂದಕ್ಕ ಅಲ್ಲಿ ಅರ್ಥ ಇಲ್ಲ. ಗುಡ್ಡ ಎಲ್ಲಾರ ಕಣ್ಣಿಗೂ ಬೀಳತೈತಿ, ಇರುವಿ ಯಾರ ಎಣಸ್ತಾರ?"

ತಿರುಗಿ ಬರುವ ಬಸ್ಸಿನಲ್ಲಿ ಅಮಾತೆಪ್ಪ ಟಿಕೀಟು ತೆಗೆಸುವುದನ್ನೇ ಮರೆತ. ಮರುದಿನದಿಂದ ಪೇಪರಿನ ಮೊದಲ ಪುಟ ಬಿಟ್ಟು ಒಳಪುಟದ ಮೂಲೆಗಳನ್ನು ಹುಡುಕತೊಡಗಿದ. ಅಯ್ಯೋ, ಎಷ್ಟೊಂದು ಇದ್ದವು! ಇಲ್ಲಿ ಒಬ್ಬ, ಅಲ್ಲಿ ಇಬ್ಬರು, ಇನ್ನೆಲ್ಲೋ ಮೂವರು. ಬೈರೂತಿನಲ್ಲಿ, ಅಮೃತಸರದಲ್ಲಿ, ಹೆಸರು ಉಚ್ಚರಿಸಲೂ ಬಾರದ ಊರುಗಳಲ್ಲಿ. ಹತ್ತು ವರ್ಷ ಇದೇ ಪೇಪರು ಓದಿದ್ದ, ಇವು ಕಣ್ಣಿಗೇ ಬಿದ್ದಿರಲಿಲ್ಲ. ಜಾಫರ ಹೇಳಿದ್ದು ಅಕ್ಷರಶಃ ಖರೆ ಎಂದು ಅವನಿಗೆ ಖುಷಿಯಾಯಿತು. ಹೌದು, ಸಾವಿನ ಸುದ್ದಿ ಓದುತ್ತ ಖುಷಿಯಾಯಿತು, ಹೊಸ ನಮೂನೆಯ ಸೀರೆ ಸಿಕ್ಕ ಹಾಗೆ. ಆದರೆ ಎಂಬತ್ತಮೂರನ್ನು ಮಾತ್ರ ಅವನು ಬಿಡಲಿಲ್ಲ. ಸಣ್ಣವು ಬರುತ್ತಲೇ ಇರುತ್ತವೆ, ನಾವು ಅಂಜಬೇಕಾದದ್ದು ಗುಡ್ಡಕ್ಕೆ ಎಂದು ತನಗೆ ತಾನೇ ಹೇಳಿಕೊಂಡ. ಜಾಫರ ಏನಂದ ಎಂದು ನೀಲಾ ಕೇಳಿದಾಗ, "ಅವಂಗೂ ಖಚಿತ ಇಲ್ಲ ಬಿಡು" ಎಂದ. ಇದು ಸುಳ್ಳಲ್ಲ, ಖರೆಯೂ ಅಲ್ಲ.

ಎಂಬತ್ತಮೂರು ಬಂತು. ಬೇಸಗೆಯಲ್ಲಿ ಹೊಳಬಸಪ್ಪ ರಜೆಯ ಮೇಲೆ ಬಂದವನು ಬಾದಾಮಿ ಸ್ಟೇಶನ್ನಿನಲ್ಲಿ ಇಳಿದು ಗುಡೂರಿಗೆ ಹೋಗಿ, ಎರಡೇ ದಿನಕ್ಕೆ ಇಳಕಲ್ಲಿಗೆ ಬಂದ. ಗಡಿಯ ಸುದ್ದಿ ಹೇಳು ಎಂದು ಅಮಾತೆಪ್ಪ ಅವನ ಬೆನ್ನು ಹತ್ತಿದ.

"ಏನೂ ಇಲ್ಲರಿ ಮಾವಾರ. ಸಂಜಿಕ ವ್ಹಾಲಿಬಾಲ್ ಆಡತೇವಿ. ಯುದ್ಧ ಐತಿ ಅಂತ ನಮ್ಮ ಸುಭೇದಾರಗ ನೀವ ಒಂದು ಕಾರ್ಡ್ ಹಾಕ್ರಿ, ಆಡೂದನ್ನರ ಬಿಡಸ್ತಾನ."

ಬಾಗಿಲ ಹಿಂದೆ ನೀಲಾ ನಕ್ಕಿದ್ದು ಎಲ್ಲರಿಗೂ ಕೇಳಿಸಿತು. ಅಮಾತೆಪ್ಪನಿಗೂ ನಗು ಬಂತು. ಎಂಥ ಒಳ್ಳೆಯ ಹುಡುಗ, ಇವನನ್ನು ಉಳಿಸಿಕೊಳ್ಳಬೇಕಲ್ಲ ಎಂದು ಸಂಕಟವಾಯಿತು. ಆ ಸಂಕಟ ಪ್ರಾಮಾಣಿಕವಾದದ್ದೇ.

ಮಳೆಗಾಲ ಹೋಯಿತು, ದಸರೆ ಹೋಯಿತು. ಲೆಬನಾನಿನಲ್ಲಿ ಒಂದೇ ಬಾಂಬಿಗೆ ನೂರಾರು ಸೈನಿಕರು ಸತ್ತರೆಂದು ಸುದ್ದಿ ಬಂದಾಗ ಅಮಾತೆಪ್ಪ, "ಇದ! ಇನ್ನ ಇಲ್ಲಿಗೆ ಬರತೈತಿ" ಎಂದು ಮೂರು ದಿನ ಮಗ್ಗಕ್ಕೇ ಇಳಿಯಲಿಲ್ಲ. ಬರಲಿಲ್ಲ. ಕಿರಾಣಿ ಅಂಗಡಿಯವನು ಚಿಮಣಿ ಎಣ್ಣೆ ಮಾರಿಬಿಟ್ಟ. ಚಹಾದಂಗಡಿಯಲ್ಲಿ ಹುಡುಗರು, "ಏನ್ರಿ ಯುದ್ಧದ ಕಾಕಾ, ಬಸ್ಸು ಲೇಟ ಐತೇನು?" ಎಂದು ಕಾಡಿಸತೊಡಗಿದರು. ಅವಮಾನ ಒಳಗೊಳಗೇ ಅವನನ್ನು ತಿನ್ನುತ್ತಿತ್ತು.

ಎಂಬತ್ನಾಲ್ಕರ ಮೊದಲ ದಿನದ ಮುಂಜಾನೆ. ಇಂದ್ರಾಬಾಯಿ ನೂಲು ಸುತ್ತುತ್ತಿದ್ದಳು, ನೀಲಾ ಮಗ್ಗದ ಹತ್ತಿರ ಕಸ ಹೊಡೆಯುತ್ತಿದ್ದಳು. ಅಮಾತೆಪ್ಪ ರೇಡಿಯೋಕ್ಕೆ ಕಿವಿ ಹಚ್ಚಿ ಧಾರವಾಡ ಆಕಾಶವಾಣಿಯ ಸಮಾಚಾರವನ್ನು ಕೊನೆಯವರೆಗೂ ಕೇಳಿದ. ಮಂತ್ರಿಗಳ ಭಾಷಣ, ಥಂಡಿಯ ಸುದ್ದಿ. ಅವನು ರೇಡಿಯೋ ಬಂದ್ ಮಾಡಿ ತೊಡೆಗೆ ಬಡಿದುಕೊಂಡ.

"ಛೇ! ತಪ್ಪಿತಲ್ಲ!"

ಕಸಬರಿಗೆಯ ಸದ್ದು ನಿಂತಿತು.

"ಏನ ತಪ್ಪಿತು ಯಪ್ಪಾ?" ನೀಲಾ ನೆಟ್ಟಗೆ ನಿಂತಿದ್ದಳು. "ಯುದ್ಧ ಆಗಲಿಲ್ಲ. ಅವರು ಜೀವಂತ ಅದಾರ. ಅದಕ್ಕ ಛೇ ಅಂದೇನು? ನಿನಗ ಯುದ್ಧ ಬೇಕಾಗಿತ್ತು."

"ಇಲ್ಲವ್ವಾ, ನಾ ಹಂಗಲ್ಲ..."

"ಬೇಕಾಗಿತ್ತು."

ಇಂದ್ರಾಬಾಯಿ ಅಣ್ಣನ ಮುಖ ನೋಡಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ಮಗಳ ಗಂಡನಾಗುವವನು ಬದುಕಲೆಂದು ಹಿಡಿದು ಕೂತ ಲೆಕ್ಕ, ಯಾವಾಗಲೋ ಗೊತ್ತಾಗದ ಹಾಗೆ, ಲೆಕ್ಕವೇ ಬದುಕಲಿ ಎನ್ನುವ ಕಡೆಗೆ ತಿರುಗಿಬಿಟ್ಟಿತ್ತು. ಅವನಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಅಂಗಿ ತೊಟ್ಟು, ಗುಡೂರಿನ ಬಸ್ಸು ಹತ್ತಿ ಗುರುಸಿದ್ದವ್ವನ ಮುಂದೆ ಕೈ ಮುಗಿದು ನಿಂತ.

"ಹುಚ್ಚು ಬಿಡತ್ರಿ ಅಕ್ಕಾರ," ಎಂದ. ಆಕೆ ಎರಡು ವರ್ಷದ ಸಿಟ್ಟನ್ನು ಒಂದು ತಾಟು ಹೋಳಿಗೆ ಮಾಡಿ ಬಡಿಸಿದಳು. ಆ ಫೆಬ್ರುವರಿಯಲ್ಲೇ ಮದುವೆ ಮುಗಿಯಿತು.

ಮದುವೆಗೆ ಬಂದ ಜಾಫರಸಾಬನ ಹೆಗಲ ಮೇಲೆ ಕೈ ಹಾಕಿ ಅಮಾತೆಪ್ಪ ಸೋತೆ ಎಂದು ಒಪ್ಪಿಕೊಂಡ.

"ಸೋಲೂದೇನು ಬಂತು? ಕವಡಿ ಬೀಳಲಿಲ್ಲ ಅಷ್ಟ. ಬಿದ್ದಿದ್ರೂ ನೀ ಗೆದ್ದಂಗ ಆಗತಿದ್ದಿಲ್ಲ ಲೇ. ಊರ ಮಂದಿ ನಂಬತಿದ್ರು, ನೀನೂ ನಂಬತಿದ್ದಿ, ಆಮ್ಯಾಲೆ ನಿನ್ನ ಹಿಡಿಯೂರ್ಯಾರು?"

ಆಮೇಲಿನ ವರ್ಷಗಳು ಚೆನ್ನಾಗಿಯೇ ಹೋದವು. ನೀಲಾಳಿಗೆ ಒಂದು ಹೆಣ್ಣು ಕೂಸಾಯಿತು. ಹೊಳಬಸಪ್ಪ ರಜೆಗೆ ಬಂದಾಗಲೆಲ್ಲ ಮಾವನನ್ನು ಕಾಡಿಸುತ್ತಿದ್ದ, "ಮುಂದಿಂದು ಯಾವಾಗ್ರಿ ಮಾವಾರ?" ಎಂದು. ಅಮಾತೆಪ್ಪ ಲೆಕ್ಕ ಹಾಕುವುದನ್ನು ಬಿಟ್ಟಿದ್ದ. ಪೇಪರು ಮಾತ್ರ ಬಿಟ್ಟಿರಲಿಲ್ಲ. ಚಹಾದಂಗಡಿಯಲ್ಲಿ ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳುವುದು ಅವನ ಕೆಲಸವಾಗಿತ್ತು.

ಎಂಬತ್ತೇಳರಲ್ಲಿ ನಮ್ಮ ಸೈನ್ಯ ಶ್ರೀಲಂಕಾಕ್ಕೆ ಹೋಯಿತು, ಹೊಳಬಸಪ್ಪನೂ ಹೋದ. ಅದನ್ನು ಯಾರೂ ಯುದ್ಧ ಎನ್ನಲಿಲ್ಲ. ಶಾಂತಿ ಕಾಯಲು ಹೋಗಿದ್ದಾರೆ ಎಂದು ರೇಡಿಯೋದಲ್ಲೇ ಹೇಳಿದರು.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅಮಾತೆಪ್ಪ ಎಂದಿನಂತೆ ಚಹಾದಂಗಡಿಯಲ್ಲಿ ಪೇಪರು ಓದುತ್ತಿದ್ದ. ಒಳಪುಟದ ಕೆಳಗಡೆ ಮೂರು ಸಾಲು: ಲಂಕೆಯ ಒಂದು ರಸ್ತೆಯಲ್ಲಿ ಹುಗಿದಿಟ್ಟ ಬಾಂಬು ಸಿಡಿದು ಸೈನಿಕರ ಸಾವು. ಹೆಸರು ಇರಲಿಲ್ಲ. ಎಷ್ಟು ಮಂದಿ ಎಂದು ಯಾರೋ ಕೇಳಿದರು.

"ಇಬ್ಬರ," ಎಂದ ಅಮಾತೆಪ್ಪ, ಪುಟ ತಿರುವಿದ.

ಮೂರನೆಯ ದಿನ ಗುಡೂರಿಗೆ ಸೈನ್ಯದಿಂದ ತಾರು ಬಂತು.

ದಿನಕರ್ಮಗಳೆಲ್ಲ ಮುಗಿದು ಬಂದವರು ಹೋದ ಮೇಲೆ ಅಮಾತೆಪ್ಪ ಗುಡೂರಿನ ಮನೆಯ ಪಡಸಾಲೆಯಲ್ಲಿ ಮಗಳ ಎದುರು ಕೂತ. ಅತ್ತು ಅತ್ತು ಅವನ ಮುಖ ಬಾತಿತ್ತು. ಏನಾದರೂ ಹೇಳಬೇಕಲ್ಲ ಎಂದು, ಪಾಪ, ಬಾಯಿಗೆ ಬಂದದ್ದನ್ನು ಹೇಳಿದ.

"ಎಂಬತ್ತಮೂರು ದಾಟಿಸಿದೆ ಅಂತ ತಿಳದಿದ್ದೆ ನೀಲವ್ವಾ. ಇದು ಯಾವ ಲೆಕ್ಕದಾಗೂ ಇರಲಿಲ್ಲ."

ನೀಲಾ ಮಲಗಿದ್ದ ಮಗಳ ಮೇಲೆ ಕೌದಿ ಹೊದಿಸುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ.

"ಲೆಕ್ಕದ ಮಾತು ಬ್ಯಾಡ ಯಪ್ಪಾ. ಅತ್ತಿ ಮೊದಲ ಕೇಳಾಕ ಬಂದಾಗ ನೀ ಹೂಂ ಅಂದಿದ್ರ, ಇನ್ನೂ ಎರಡು ವರ್ಷ ಅವರ ಕೂಡ ಇರತಿದ್ದೆ."

ಒಳಗಿನಿಂದ ಗುರುಸಿದ್ದವ್ವ ಊಟಕ್ಕೆ ಏಳಿರಿ ಅಣ್ಣಾರ ಎಂದು ಕರೆದಳು, ಅಮಾತೆಪ್ಪ ಏಳಲಿಲ್ಲ.